ಆಳಿಗೊಂದು ಗುಂಡಿ

"ಏನೇ, ಅನ್ನ ತಿಂತೀಯೋ ಮಣ್ಣು ತಿಂತೀಯೋ? ಇನ್ನೂ ಮೊಣಕಾಲುದ್ದ ಆಗಿಲ್ಲ! ಆಳಿಗೊಂದು ಗುಂಡಿ. ಗುಂಡಿ ಮುಗೀಲಿಲ್ಲ ಅಂದ್ರೆ ಹಾಜರಿ ಇಲ್ಲ, ನಡಿಯೇ ಮನೆಗೆ!"

ಜಯದೇವಪ್ಪ ಸಾಹೇಬರು ಹೀಗೆ ಉಪದೇಶ ಮಾಡಿದ್ದು ಏಳು ತಿಂಗಳ ಬಸುರಿ ಬೊಮ್ಮಕ್ಕನಿಗೆ. ತೊಂಬತ್ತೆಂಟರ ಬೇಸಿಗೆ. ಸಿದ್ದಾಪುರದ ಆಚೆ ಗುಡ್ಡದ ಇಳಿಜಾರಿನಲ್ಲಿ, ಮಳೆನೀರು ಇಂಗಿಸುವ ಸಂಶೋಧನೆಗೆಂದು ನಾವು ಹತ್ತು ಹೆಂಗಸರು ಗುಂಡಿ ತೋಡುತ್ತಿದ್ದೆವು. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತೇ ಹೊರತು ಮಣ್ಣು ಏಳುತ್ತಿರಲಿಲ್ಲ. ಆ ದಿನದ್ದೂ ಸೇರಿ ಬೊಮ್ಮಕ್ಕನಿಗೆ ಎರಡು ದಿನ ಗೈರು ಬಿತ್ತು. ಇನ್ನೊಂದು ಬಿದ್ದರೆ ಕೆಲಸದಿಂದಲೇ ತೆಗೆಯುತ್ತಾರಂತೆ. ಹೆರಿಗೆಯವರೆಗೆ ಅವಳಿಗೆ ಈ ಕೂಲಿಯೇ ಗತಿ. ಥೂ, ಇವರ ವಿಜ್ಞಾನಕ್ಕಿಷ್ಟು ಬೆಂಕಿ ಹಾಕ!

ಆ ಮಧ್ಯಾಹ್ನ ಜೀಪಿನಲ್ಲಿ ಪೇಡ ಬಂತು. ಹೋದ ವರ್ಷ ನಾವು ತೋಡಿದ ಗುಂಡಿಗಳ ಬಗ್ಗೆ ಬರೆದ ಪೇಪರು ದಿಲ್ಲಿಯ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿತ್ತಂತೆ. ಬರೆದವರು ಮೂವತ್ತು ಜನ! ಅವರಲ್ಲಿ ಇಪ್ಪತ್ತೆಂಟು ಜನ ಈ ಗುಡ್ಡದ ಕಡೆ ತಲೆ ಹಾಕಿಯೂ ಮಲಗಿದವರಲ್ಲ. ಪಾಪ, ಬಿಸಿಲು ಆಗುವುದಿಲ್ಲ ಅವರಿಗೆ.

ಚಿಕ್ಕ ಸಾಹೇಬ ವೀರೇಶ್ ಮುಖ ಊದಿಸಿಕೊಂಡಿದ್ದ. "ಬರ್ದಿದ್ದು ನಾನೊಬ್ಬ. ಮೂವತ್ತು ಜನಕ್ಕೂ ಒಂದೊಂದು ಪೇಪರ್ ಅಂತ ಲೆಕ್ಕ ಹೆಂಗ್ ಸಾರ್? ಒಂದನ್ನೇ ಮೂವತ್ತು ಪಾಲು ಮಾಡ್ಬೇಕಲ್ವಾ?"

"ಲೇ ದಡ್ಡ, ಎಲ್ಲಾರೂ ಕೈ ಹಾಕಿದ್ಮೇಲೆ ಎಲ್ಲಾರಿಗೂ ಒಂದೊಂದು. ಪಾಲು ಗೀಲು ಏನಿಲ್ಲ. ನಂಗೆ ಈ ಸಲ ಪ್ರಮೋಷನ್ ಐತೆ, ಬಾಯ್ಮುಚ್ಕೊಂಡು ಪೇಡ ತಿನ್ನು," ಅಂದರು ಜಯದೇವಪ್ಪ ಸಾಹೇಬರು.

ನಮಗೆ ಪೇಡ ಸಿಗಲಿಲ್ಲ. ನಮ್ಮ ಜೊತೆ ಗುಂಡಿ ತೋಡುವ ನಿಂಗಕ್ಕ ಮಾತ್ರ ಆ ಮಾತು ಕೇಳಿಸಿಕೊಂಡು ಒಳಗೊಳಗೇ ನಗುತ್ತಿದ್ದಳು.

ಮರುದಿನ ಹತ್ತೂ ಜನ ಬೊಮ್ಮಕ್ಕನ ಗುಂಡಿಗೇ ಇಳಿದೆವು. ಅವಳು ಒಂದು ಬುಟ್ಟಿ ಮಣ್ಣು ಎತ್ತಿ ನೆರಳಿಗೆ ಹೋಗಿ ಕೂತಳು. ಬಿಸಿಲೇರುವ ಮುಂಚೆಯೇ ಗುಂಡಿ ಮುಗಿಸಿ ನಾವು ಎಲೆ ಅಡಿಕೆ ಹಾಕಿಕೊಂಡೆವು.

ಸಾಹೇಬರು ಬಂದರು. "ಒಂದೇ ಗುಂಡಿ! ಇನ್ನೊಂಬತ್ತು ಎಲ್ಲಿ ಸತ್ವೇ?"

"ಹತ್ತೂ ಇಲ್ಲೇ ಅವೆ ಸಾಮಿ," ಅಂದಳು ನಿಂಗಕ್ಕ. "ಎಲ್ಲಾರೂ ಕೈ ಹಾಕೀವಿ. ಎಲ್ಲಾರ್ಗೂ ಒಂದೊಂದು ಬರ್ಕಳ್ರಿ. ಬೊಮ್ಮಕ್ಕುಂದು ಮೊದ್ಲು ಬರೀರಿ."

ವೀರೇಶ್‌ಗೆ ನಗು ತಡೆಯಲಾಗದೆ ಕೆಮ್ಮು ಬಂತು.

"ಮೈಯಾಗೆ ಕೊಬ್ಬೇನ್ರೇ ಮುಂಡೇರಾ? ಹತ್ತೂ ಜನಕ್ಕೆ ಗೈರು! ನಾಳೆಯಿಂದ ರಾಂಪುರದ ಆಳು ಬರ್ತಾರೆ, ಹೊರಡ್ರಿ!"

ಅವರು ಜೀಪಿನ ಕಡೆ ತಿರುಗಿದರು. ನಾವು ಹೊರಡಲಿಲ್ಲ. ನೀರು ಇಂಗುವ ಲೆಕ್ಕ ಹಿಡಿಯಲು ಅಳತೆಕೋಲು ನೆಟ್ಟಿದ್ದ ಹಳೇ ಗುಂಡಿಗಳ ಬಳಿ ಹೋಗಿ, ದಡದ ಮೇಲಿದ್ದ ಮಣ್ಣನ್ನೆಲ್ಲ ಒಳಕ್ಕೆ ತಳ್ಳತೊಡಗಿದೆವು. ಕೋಲು ಮುಳುಗುವುದನ್ನು ನೋಡಿ ಸಾಹೇಬರು ಬಾಯಿ ಬಡಿದುಕೊಂಡು ಓಡಿ ಬಂದರು.

"ಯಾವಳೇ ಮೊದ್ಲು ತಳ್ಳಿದ್ದು? ಹೆಸ್ರು ಹೇಳ್ರೇ! ಪೊಲೀಸ್ರಿಗೆ ಕೊಡ್ತೀನಿ!"

"ನಾನು," ಅಂದಳು ನಿಂಗಕ್ಕ.

"ನಾನು," ಅಂದೆ ನಾನು.

ಒಬ್ಬೊಬ್ಬರೇ ಹೇಳುತ್ತ ಬಂದೆವು. ಕೊನೆಗೆ ಬೊಮ್ಮಕ್ಕ ಹೊಟ್ಟೆ ಹಿಡಿದುಕೊಂಡು ನೆರಳಿನಿಂದ ಎದ್ದು ಬಂದಳು. ಕಾಲಿನಿಂದ ಒಂದಿಷ್ಟು ಮಣ್ಣು ಗುಂಡಿಗೆ ನೂಕಿದಳು.

"ನನ್ನೆಸ್ರೂ ಸೇರಿಸ್ಕಳ್ರಿ ಸಾಮಿ."