ಒಂಟೆ ಇಲಾಖೆಯ ಹೆಸರಿಗೊಂದು ಬಟ್ಟಲು ಕಾಫಿ

ಮುಫದ್ದಿಗೆ ಸಿಟ್ಟು ಬಂದದ್ದು ಅವನಿಗಿಂತ ಮೊದಲು ಅವನ ಮೀಸೆಗೆ ತಿಳಿಯುತ್ತಿತ್ತು. ಕರ್ನಲ್ ತ್ರಾದನ ಮನೆಗೆ ಹೊರಟ ಸಂಜೆ ಅದು ಆಗಲೇ ಸೆಟೆದು ನಿಂತಿತ್ತು. ಸೈನ್ಯದ ಒಂಟೆ ಇಲಾಖೆಯ ಹೆಸರು ಇನ್ನು ಮೇಲೆ 'ಮರುಭೂಮಿ ಸಂಚಾರ ನಿರ್ವಹಣಾ ವಿಭಾಗ' ಆಗುತ್ತದಂತೆ! ಒಂಟೆಗಳು ಅವೇ, ಗಡಿ ಅದೇ, ಮರಳೂ ಅದೇ. ಹೆಸರಿನಿಂದ ಮಾತ್ರ ಒಂಟೆಯನ್ನು ಎತ್ತಂಗಡಿ ಮಾಡಿದ್ದರು. ಈಗ ಇಲಾಖೆಯ ಮುಖ್ಯಸ್ಥ ತ್ರಾದನೇ. ಅವನು ಆಕ್ಷೇಪಣೆ ಬರೆದರೆ ಹೆಸರು ಉಳಿದೀತು, ತೆಪ್ಪಗೆ ಸಹಿ ಹಾಕಿದರೆ ಮುಗಿಯಿತು.

"ಹೋದ್ರೆ ಹೋಗ್ಲಿ ಬಿಡಯ್ಯಾ, ಪಿಂಚಣಿ ಬರುತ್ತಲ್ಲ," ಅಂದ ಜೊತೆಗಿದ್ದ ಸುವೈಲಿಮ್. ಅವನೂ ಅದೇ ಇಲಾಖೆಯಲ್ಲಿ ಸವೆದು ನಿವೃತ್ತನಾದವನು.

"ಮಫ್ರಕ್ ಪೇಟೆಯಿಂದ ಗಡಿವರೆಗೂ ನನ್ನನ್ನ ಏನಂತ ಕರೀತಾರೆ? ಒಂಟೆ ಇಲಾಖೆ ಮುಫದ್ದಿ! ನಮ್ಮಪ್ಪನ್ನೂ ಹಾಗೇ ಕರೀತಿದ್ರು. ನಾಳೆ ನಾನು ಸತ್ರೆ 'ಅಯ್ಯೋ, ಸಂಚಾರ ನಿರ್ವಹಣೆ ಮುಫದ್ದಿ ಹೋದ' ಅಂತ ಅಳ್ತೀಯಾ?"

"ಅಷ್ಟುದ್ದ ಹೇಳೋ ಹೊತ್ತಿಗೆ ಅಳು ನಿಂತೇ ಹೋಗುತ್ತೆ ಕಣೋ."

ಮುಫದ್ದಿ ನಗಲಿಲ್ಲ. ಅವನ ನಂಬಿಕೆಯೆಲ್ಲ ಒಂದು ಬಟ್ಟಲು ಕಾಫಿಯ ಮೇಲಿತ್ತು. ಅವರ ಕಡೆಯ ಪದ್ಧತಿಯಲ್ಲಿ ಬೇಡಿಕೆ ಹೊತ್ತು ಬಂದ ಅತಿಥಿ ಕಾಫಿಯನ್ನು ಕುಡಿಯದೆ ಮುಂದಿಡುತ್ತಾನೆ. 'ಕುಡೀರಿ, ಬಂದ ಕೆಲಸ ಆಯ್ತು' ಎಂದು ಮನೆಯವನು ಹೇಳಬೇಕು. ಬೇಡಿಕೆ ಏನೆಂದು ಕೇಳುವುದೂ ಆಮೇಲೆಯೇ. ಹಾಗನ್ನದೆ ಕಾಫಿ ಆರಲು ಬಿಟ್ಟರೆ ಆ ಮನೆಯ ಮಾನ ಮೂರು ಕಾಸಿಗೆ ಹರಾಜು.

ಇದು ತ್ರಾದನಿಗೂ ಚೆನ್ನಾಗಿ ಗೊತ್ತಿತ್ತು. "ಬನ್ನಿ ದೊಡ್ಡಪ್ಪಾ, ಬನ್ನಿ," ಎಂದು ಅಪ್ಪಿಕೊಂಡು ಕೂರಿಸಿದವನು ಒಳಗೆ ಹೋಗಿ ಟೀ ತಂದಿಟ್ಟ!

"ಕಾಫಿ ಇಲ್ವೇನಪ್ಪಾ?"

"ಡಾಕ್ಟರು ಬೇಡ ಅಂದಿದಾರೆ."

"ಯಾರಿಗೆ?"

ತ್ರಾದ್ ತಡವರಿಸಿದ. "ಎಲ್ರಿಗೂ."

ಮುಫದ್ದಿಗೆ ನಿಜವಾಗಿಯೂ ನೋವಾಯಿತು. ಸೈನ್ಯಕ್ಕೆ ಸೇರಿದ ಹೊಸತರಲ್ಲಿ ಒಂಟೆಯಿಂದ ಬಿದ್ದು ಬಿದ್ದು ಅಳುತ್ತಿದ್ದ ಈ ತ್ರಾದನನ್ನು ಹೆಗಲು ಕೊಟ್ಟು ಎಬ್ಬಿಸಿದವನು ಅವನೇ. ಅಂಥವನಿಗೆ ಟೀ! ಎದ್ದು ಹೊರಡೋಣವೆಂದುಕೊಳ್ಳುವಷ್ಟರಲ್ಲಿ ತ್ರಾದನ ತಾಯಿ ಹಜ್ಜಾ ವದ್ಹಾ ಕಾಫಿ ಹೂಜಿ ಹಿಡಿದು ದುಮುದುಮು ಎನ್ನುತ್ತ ಹೊರಗೆ ಬಂದಳು.

"ನನ್ನ ಮನೇಲಿ ಅತಿಥಿಗೆ ಟೀ ಕುಡಿಸಿ ಸಾಗಹಾಕೋದನ್ನ ಯಾರೋ ಕಲಿಸಿದ್ದು ನಿಂಗೆ?" ಮಗನನ್ನು ಗದರಿಸಿ ಕಾಫಿ ಬಗ್ಗಿಸಿದಳು. "ತಗೋ ಅಬೂ ಹಾಯಿಲ್," ಎಂದು ಮುಫದ್ದಿಯನ್ನು ಅವನ ಮಗನ ಹೆಸರಿನಿಂದ ಕರೆದು ಬಟ್ಟಲು ಚಾಚಿದಳು.

ಮುಫದ್ದಿ ಬಟ್ಟಲು ತೆಗೆದುಕೊಂಡು ಮುಂದೆ ಇಟ್ಟ. ತುಟಿಯವರೆಗೆ ಒಯ್ದಿದ್ದ ಸುವೈಲಿಮ್ ಕೂಡ ಅವನ ಕಣ್ಣು ನೋಡಿ ತನ್ನದನ್ನು ಕೆಳಗಿಟ್ಟ. ತ್ರಾದನ ಮುಖ ಬಾಡಿತು. ಏಲಕ್ಕಿಯ ಹಬೆ ಸಣ್ಣಗಾಗುತ್ತ ಬಂತು.

ಕೊನೆಗೆ ತ್ರಾದ್ ಉಸಿರುಬಿಟ್ಟ. "ಕುಡೀರಿ ದೊಡ್ಡಪ್ಪಾ. ಬಂದ ಕೆಲಸ ಆಯ್ತು."

ಹಜ್ಜಾ ವದ್ಹಾ ಮಗನನ್ನೊಮ್ಮೆ, ಬಟ್ಟಲನ್ನೊಮ್ಮೆ ನೋಡಿದಳು. "ಅಯ್ಯೋ ನನ್ನ ಬುದ್ಧಿಗಿಷ್ಟು! ಇದು ಆ ಹೊಸ ಹೆಸರಿನ ವಿಷಯವಾ? ಅದು ಜನರಲ್ ಸಾಹೇಬರದೇ ಯೋಚನೆಯಂತಲ್ಲೋ. ಮುಂದಿನ ತಿಂಗಳು ನಿನ್ನ ಬಡ್ತಿಗೆ ಸಹಿ ಹಾಕೋರೂ ಅವರೇ."

"ಮಾತು ಕೊಟ್ಟಾಯ್ತಮ್ಮಾ," ಅಂದ ತ್ರಾದ್. ಅವನ ದನಿಯಲ್ಲಿ ಮುನಿಸಿರಲಿಲ್ಲ. "ನೀವು ಕುಡೀರಿ ದೊಡ್ಡಪ್ಪಾ."

ಮುಫದ್ದಿ ಬಟ್ಟಲನ್ನು ಕೈಗೆತ್ತಿಕೊಂಡ. ಕುಡಿಯದಿದ್ದರೆ ತ್ರಾದನಿಗೆ ಅವಮಾನ, ಕುಡಿದರೆ ಅವನ ಬಡ್ತಿಗೆ ಕಲ್ಲು. ತನ್ನ ಹೆಸರಿಗಾಗಿ ಈ ಹುಡುಗನ ಹೊಟ್ಟೆಗೆ ಹೊಡೆಯುವುದೇ? ಮೀಸೆ ಮೆತ್ತಗಾಯಿತು. ಗುಟುಕರಿಸಿ ಬಟ್ಟಲು ಬರಿದು ಮಾಡಿದ.

"ಈಗ ಕೇಳಿ," ಅಂದ ತ್ರಾದ್.

"ನೀನು ಏನೂ ಬರೀಬೇಡ ಮಗಾ. ಶನಿವಾರದವರೆಗೆ ಸಹಿ ಮಾತ್ರ ಹಾಕ್ಬೇಡ. ಆ ಜನರಲ್ ಮನೆ ಎಲ್ಲಿ ಅಂತ ಹೇಳು. ನಾವೇ ಬಸ್ ಹತ್ತಿ ಹೋಗ್ತೀವಿ. ಇಷ್ಟೇ ನನ್ನ ಬೇಡಿಕೆ."

ತ್ರಾದ್ ಕಣ್ಣೊರೆಸಿಕೊಂಡು ನಕ್ಕುಬಿಟ್ಟ. ಸುವೈಲಿಮ್ ಮಾತ್ರ ತಲೆ ಕೆರೆದುಕೊಂಡ. "ಅವರೂ ಟೀ ತಂದಿಟ್ರೆ?"

ಮುಫದ್ದಿ ಹಜ್ಜಾಳ ಕಡೆ ತಿರುಗಿದ. "ಹಜ್ಜಾ, ಆ ಜನರಲ್‌ಗೆ ತಾಯಿ ಇದಾಳಾ?"