ನುಣುಪಿನ ಪುಡಿ

ಆ ದಿನ ಹೊತ್ತೇರಿದರೂ ಸುಣ್ಣಕಲ್ಲಿನ ಗುಡ್ಡಗಳ ಮೇಲಿಂದ ಮಂಜು ಸರಿಯಲಿಲ್ಲ. ಮಳೆಯಿಲ್ಲ, ಬಿಸಿಲಿಲ್ಲ, ಒದ್ದೆ ಬಟ್ಟೆಯನ್ನು ಮುಖಕ್ಕೆ ಹಿಡಿದಂಥ ಸೆಕೆ. ಮರುದಿನದಿಂದ ಉಪವಾಸದ ತಿಂಗಳು. ಗುನುಂಗ್‌ಕಿದುಲ್ ಸೀಮೆಯ ಹೆಂಗಸರೆಲ್ಲ ತಲೆಗೆ ನೀರು ಹಾಕಿಕೊಂಡು ಶುದ್ಧರಾಗಲು ಊರಾಚೆಯ ಪುಣ್ಯದ ಒರತೆಗೆ ಹೊರಟಿದ್ದರು. ವಾಗಿಯೆಮ್ ಮಾತ್ರ ತಾಯಿಯ ಮಂಚದ ಪಕ್ಕದಲ್ಲಿ ನಿಂತು, ಆ ತಲೆಯನ್ನು ಎಲ್ಲಿಂದ ಮುಟ್ಟಲಿ ಎಂದು ನೋಡುತ್ತಿದ್ದಳು.

ತಾಯಿ ಪೈಂತೆನ್ ನಾಲ್ಕು ತಿಂಗಳ ಹಿಂದೆ ಮದುವೆಯೂಟ ಮುಗಿಸಿ ಬರುವಾಗ ಬಿದ್ದು ಸೊಂಟ ಮುರಿದುಕೊಂಡವಳು. ಅಂದು ಸುತ್ತಿದ ತುರುಬನ್ನು ಆಮೇಲೆ ಯಾರೂ ಬಿಚ್ಚಿರಲಿಲ್ಲ. ಮೈ ಅಲುಗಿದರೆ ಸಾಕು, ಮುದುಕಿ ಚೀರುತ್ತಿದ್ದಳು. ಬೆವರು, ಎಣ್ಣೆ, ದಿಂಬಿನ ಉಜ್ಜಾಟ ಎಲ್ಲ ಸೇರಿ ಸೊಂಟದುದ್ದದ ಕೂದಲು ಕಂಬಳಿಯಂತೆ ಗಂಟುಗಟ್ಟಿತ್ತು. ಅದರಡಿಯಿಂದ ಈಗ ಹುಣ್ಣಿನ ವಾಸನೆ. ಹಿಂದಿನ ದಿನ ಬಂದ ಆರೋಗ್ಯ ಕೇಂದ್ರದ ನರ್ಸಮ್ಮ ಮುಚ್ಚುಮರೆಯಿಲ್ಲದೆ ಹೇಳಿ ಹೋಗಿದ್ದಳು: ನಾಳೆ ಇಳಿಮಧ್ಯಾಹ್ನದ ನಮಾಜಿನ ಹೊತ್ತಿಗೆ ಬರುತ್ತೇನೆ, ಅಷ್ಟರಲ್ಲಿ ಗಂಟು ಬಿಚ್ಚದಿದ್ದರೆ ಬೋಳಿಸಲೇಬೇಕು, ಕೀವು ಒಳಗಿಳಿದರೆ ಜೀವಕ್ಕೇ ಮುಳುವು.

ಅವಳು ಹೋದ ಮೇಲೆ ಪೈಂತೆನ್ ಮಗಳ ಸೆರಗು ಹಿಡಿದಳು. "ಬೋಳು ಮಾಡಿ ಕಳಿಸ್ಬೇಡ ಕಣೆ, ನ್ದುಕ್, ನನ್ ಮಗಳೇ. ಅಲ್ಲಿ ನಿಮ್ಮಪ್ಪ ಯಾರೋ ಗಂಡಸು ಬಂದ ಅಂದ್ಕೊಂಡಾನು."

ನಗಬೇಕೆಂದೇ ಹೇಳಿದ ಮಾತು. ನಗು ಬಂದದ್ದು ಮುದುಕಿಗೆ ಮಾತ್ರ, ಅದೂ ಅರ್ಧಕ್ಕೆ ನಿಂತಿತು.

ಕೊಬ್ಬರಿ ಎಣ್ಣೆ ಸುರಿದದ್ದಾಯಿತು, ಲೋಳೆಸರ ಹಚ್ಚಿದ್ದಾಯಿತು. ಉಳಿದದ್ದು ಒಂದೇ ದಾರಿ. ವಾಗಿಯೆಮ್ ಕೂಲಿ ಮಾಡುತ್ತಿದ್ದ, ಶಾಂಪೂ ತಯಾರಿಸುವ ಕೊಟ್ಟಿಗೆಯಲ್ಲಿ ಗೋರಿಕಾಯಿ ಬೀಜದ ಅಂಟಿನಿಂದ ಮಾಡಿದ ಒಂದು ಪುಡಿಯಿತ್ತು. ಚೀಲದ ಮೇಲೆ ಪಾಲಿಮರ್ ಎಂದು ಅಚ್ಚಾಗಿದ್ದರೂ ಹೆಂಗಸರ ಬಾಯಲ್ಲಿ ಅದು ನುಣುಪಿನ ಪುಡಿ. ನೀರಲ್ಲಿ ಅರಳಿ ಎಳೆಎಳೆಗೂ ಅಂಟಿಕೊಂಡು, ಕೂದಲು ಕೂದಲಿನ ಜಗಳ ಬಿಡಿಸುವಂಥದ್ದು. ಚೆನ್ನಾಗಿರುವ ಕೂದಲಿಗಿಂತ ನೊಂದ ಕೂದಲಿಗೇ ಅದು ಹೆಚ್ಚು ಅಂಟುತ್ತದೆ. ದೇವರು ಕರುಣೆಯನ್ನು ಎಲ್ಲೆಲ್ಲಿ ಬಚ್ಚಿಡುತ್ತಾನೋ ಎಂದು ವಾಗಿಯೆಮ್ ಎಷ್ಟೋ ಸಲ ಅಂದುಕೊಂಡಿದ್ದಳು.

ಆದರೆ ಕೊಟ್ಟಿಗೆಯ ಒಡತಿ ತುಕಿನಾ ನಾಲ್ಕು ತಿಂಗಳಿಂದ ಇವಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಆ ಮದುವೆಯ ದಿನ ಪೈಂತೆನ್ ತುರುಬಿಗೆಂದು ಅವಳಿಂದ ಒಂದು ಬಾಚಣಿಗೆ ಇಸಿದುಕೊಂಡಿದ್ದಳು. ಕೋಣದ ಕೊಂಬಿನದು, ಅಂಗೈಯಗಲದ್ದು, ತುಕಿನಾಳ ಸತ್ತ ತಾಯಿಯದು. ಬಿದ್ದ ಗಲಾಟೆಯಲ್ಲಿ ಅದು ಕಾಣದಾಯಿತು. ದಾರಿಯ ಹುಲ್ಲು, ಆಸ್ಪತ್ರೆಯ ಹಾಸಿಗೆ ಎಲ್ಲ ಜಾಲಾಡಿದರೂ ಸಿಗಲಿಲ್ಲ. ತಲೆಯಲ್ಲೇ ಇದೆ ಎಂದು ಮುದುಕಿ ಜ್ವರದಲ್ಲಿ ಬಡಬಡಿಸಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾರಿಕೊಂಡಿದ್ದಾರೆ ಎಂದು ತುಕಿನಾ ನಂಬಿದಳು.

"ಯು, ಒಂದು ಚಿಪ್ಪು ಪುಡಿ ಸಾಕು," ಎಂದು ವಾಗಿಯೆಮ್ ಅಕ್ಕನನ್ನು ಕರೆವಂತೆ ಕರೆದು ಕೊಟ್ಟಿಗೆಯ ಬಾಗಿಲಲ್ಲೇ ನಿಂತಳು.

ಡಬ್ಬದ ತಳದಲ್ಲಿದ್ದದ್ದೇ ಅಷ್ಟು. ಹೊಸ ಚೀಲ ಬರುವುದು ಹಬ್ಬ ಕಳೆದ ಮೇಲೆ. ತುಕಿನಾ ಕೆರೆದು ತೆಂಗಿನ ಚಿಪ್ಪಿಗೆ ತುಂಬಿದಳು. "ತಗೊಂಡ್ಹೋಗು. ನಿಮ್ಮನೆಗೆ ಹೋದದ್ದು ತಿರುಗಿ ಬಂದಿದ್ದನ್ನ ನಾನಂತೂ ಕಂಡಿಲ್ಲ. ಇದಾದ್ರೂ ತಲೆಗೇ ಹೋಗ್ಲಿ."

ವಾಗಿಯೆಮ್ ತಲೆ ತಗ್ಗಿಸಿ ಚಿಪ್ಪು ಹಿಡಿದು ಬಂದಳು.

ಕೊಟ್ಟಿಗೆಯಲ್ಲಿ ಪುಡಿ ಕದಡುತ್ತಿದ್ದದ್ದು ಮಾಡಿನಿಂದ ಹಿಡಿದ ಮಳೆನೀರಲ್ಲಿ. ಅಂಥಾ ದಿನ ತಾಯಿಯ ತಲೆಗೆ ಮಾಡಿನ ನೀರು ಹಾಕುವುದುಂಟೇ? ನೆರೆಯವರು ಒರತೆಯಿಂದ ತಂದುಕೊಟ್ಟ ಪುಣ್ಯದ ನೀರಿಗೇ ಅವಳು ಬಿಸ್ಮಿಲ್ಲಾ ಹೇಳಿ ಪುಡಿಯನ್ನೆಲ್ಲ ಉದುರಿಸಿದಳು. ಕದಡಿದಳು. ರಟ್ಟೆ ಬಿದ್ದುಹೋಗುವಷ್ಟು ಕದಡಿದಳು. ಮಧ್ಯಾಹ್ನದ ಬಾಂಗ್ ಕೂಗಿದರೂ ಪುಡಿ ಅರಳಲಿಲ್ಲ. ಬಿಳಿ ಮರಳಿನಂತೆ ತಳದಲ್ಲಿ ಕೂತಿತು. ಆದದ್ದಾಗಲಿ ಎಂದು ಗಂಟಿನ ಮೇಲೆ ಸುರಿದಳು. ಬರಿಯ ನೀರು ಜಾರಿ ಹೋಯಿತು. ಬಾಚಲು ಹೋದರೆ ಮನೆಯ ಬಾಚಣಿಗೆಯ ಎರಡು ಹಲ್ಲು ಮುರಿದವು, ತಾಯಿ ನರಳಿದಳು.

ಅಡುಗೆಮನೆಯ ನೆಲದ ಮೇಲೆ ವಾಗಿಯೆಮ್ ಕುಸಿದಳು. ಅಳುವೂ ಬರಲಿಲ್ಲ. ದೇವರೇ, ನಿನ್ನ ನೀರೇ ಅಲ್ಲವೇ ಇದು, ನಿನಗೂ ನಾವು ಬೇಡವಾದೆವೇ ಎಂದು ಒಳಗೊಳಗೇ ಕೇಳಿದಳು. ಒಲೆಯ ಮೇಲಿನ ನೀರು ಕಾಯಿಸುವ ಪಾತ್ರೆಯನ್ನೇ ನೋಡುತ್ತ ಕೂತಳು. ಒಳಗೆಲ್ಲ ಒರತೆಯ ನೀರು ಬಿಟ್ಟ ಸುಣ್ಣದ ಬಿಳಿ ಪದರ. ವಾರಕ್ಕೊಮ್ಮೆ ಅದನ್ನು ಅವಳೇ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು.

ಹುಣಸೆಹಣ್ಣು. ಕೊಟ್ಟಿಗೆಯಲ್ಲಿ ಮಳೆನೀರಿಗೂ ತುಕಿನಾ ಕಡೆಗೊಂದು ಚಮಚ ನಿಂಬೆಯಂಥ ಹುಳಿಯುಪ್ಪು ಹಾಕುತ್ತಿದ್ದಳು. ಹುಳಿ ಬಿದ್ದ ಮೇಲೇ ಪುಡಿ ಕಣ್ಣು ಬಿಡುತ್ತಿತ್ತು. ಸುಣ್ಣದ ನೀರಲ್ಲಿ ಅದು ಹೇಗೆ ಬಿಟ್ಟೀತು?

ಸಾರಿಗಿಟ್ಟ ಹುಣಸೆಯನ್ನೆಲ್ಲ ಕಿವುಚಿ, ಬಟ್ಟೆಯಲ್ಲಿ ಸೋಸಿ, ಬೋಗುಣಿಯಲ್ಲಿ ಉಳಿದಿದ್ದಕ್ಕೆ ಹೊಯ್ದಳು. ಪುಡಿಯೆಲ್ಲ ತಳದಲ್ಲೇ ಇತ್ತು, ಚೆಲ್ಲಿಹೋಗಿರಲಿಲ್ಲ. ಸೌಟು ಮೆಲ್ಲಗೆ ಭಾರವಾಯಿತು. ಎತ್ತಿದರೆ ಗಂಜಿಯ ತಿಳಿಯಂತೆ ಎಳೆ ಬಂತು.

ಹುಣ್ಣಿಗೆ ಹುಳಿ ತಾಗಿ ಪೈಂತೆನ್ ಹಲ್ಲು ಕಚ್ಚಿದಳು, ಬೇಡ ಅನ್ನಲಿಲ್ಲ. ತುದಿಯಿಂದ ಶುರುಮಾಡಿ ಒಂದೊಂದೇ ಎಳೆ. ಜಾರದಿದ್ದದ್ದು ಜಾರಿತು. ನರ್ಸಮ್ಮ ಬಂದವಳು ಕ್ಷೌರದ ಕತ್ತಿಯನ್ನು ಚೀಲದಿಂದ ತೆಗೆಯದೆ ಮಂಚದ ಮೇಲೆ ಕೂತು, ಮುದುಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಗಂಟಿನ ನಡುವೆ ವಾಗಿಯೆಮಳ ಬೆರಳಿಗೆ ಗಟ್ಟಿಯಾದದ್ದೇನೋ ತಾಗಿತು. ಕೊಂಬಿನ ಬಾಚಣಿಗೆ. ಹುಣ್ಣು ಮಾಡಿದ್ದೂ ಅದರ ಹಲ್ಲುಗಳೇ. ಅದನ್ನು ಬಿಡಿಸಲು ಒಂದು ಹಿಡಿ ಕೂದಲು ಕತ್ತರಿಸಬೇಕಾಯಿತು, ಒಂದೇ ಹಿಡಿ.

"ತಲೇಲೇ ಇದೆ ಅಂದಿದ್ನಲ್ಲ," ಎಂದಳು ಪೈಂತೆನ್, ಕಣ್ಣು ಮುಚ್ಚಿಕೊಂಡೇ.

ಗಾಯ ತೊಳೆದ ನರ್ಸಮ್ಮ ಮಾಗೀತೆಂದು ಹೇಳಲಿಲ್ಲ, ಮಾಗದೆಂದೂ ಹೇಳಲಿಲ್ಲ. ನರೆತ ಕೂದಲು ದಿಂಬಿನ ತುಂಬ ಹರಡಿತ್ತು.

ಹೊತ್ತು ಮುಳುಗುವ ಮೊದಲು ವಾಗಿಯೆಮ್ ಕೊಟ್ಟಿಗೆಗೆ ಹೋದಳು. ತುಕಿನಾ ಬಾಗಿಲಿಗೆ ಬೀಗ ಹಾಕುತ್ತಿದ್ದಳು. ವಾಗಿಯೆಮ್ ತೊಳೆದ ತೆಂಗಿನ ಚಿಪ್ಪನ್ನು ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದಳು. ಚಿಪ್ಪಿನೊಳಗೆ, ಹಲ್ಲಿಗೆ ಒಂದು ಬಿಳಿ ಕೂದಲು ಸುತ್ತಿಕೊಂಡ ಬಾಚಣಿಗೆಯಿತ್ತು.