ಹಿಂದಕ್ಕೆ ಹೋಗಬೇಕಾದವರು

ದೊಡ್ಡ ಕಾರು ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಅಷ್ಟು ದಿನಗಳಲ್ಲಿ ಮನೋರಮಾ ಎದುರು ಬಂದ ಯಾರಿಗೂ ಒಂದೇ ಒಂದು ಸಲ ಹಿಂದಕ್ಕೆ ಹೋಗಿ ದಾರಿ ಬಿಟ್ಟುಕೊಟ್ಟಿರಲಿಲ್ಲ. ಅದನ್ನು ಅವಳು ಹೊರಗೆ ಹೇಳಿಕೊಂಡವಳಲ್ಲ. ಆದರೆ ಮನಸ್ಸಿನಲ್ಲಿ ವ್ರತದ ದಿನಗಳನ್ನು ಎಣಿಸಿದಂತೆ ಎಣಿಸಿಕೊಳ್ಳುತ್ತಿದ್ದಳು.

ಅದಕ್ಕೆ ಮೊದಲು ಎಂಟು ವರ್ಷ ಅವರ ಬಳಿ ಇದ್ದದ್ದು ಒಂದು ಪುಟ್ಟ ಕಾರು. ತಾನು ಕೆಲಸ ಮಾಡುವ ಶಾಲೆಗೆ ಹೋಗುವಾಗ, ಪೇಟೆಗೆ ಹೋಗುವಾಗ, ಪುರೋಹಿತರಾದ ಗಂಡ ತಿಮ್ಮಪ್ಪಯ್ಯನವರನ್ನು ಪೂಜೆಯ ಮನೆಗಳಿಗೆ ಬಿಡುವಾಗ, ಎಲ್ಲ ಕಡೆಗೂ ಅದೇ. ಕೊಡಗಿನ ತೋಟದ ದಾರಿಗಳಲ್ಲಿ ಎರಡು ಗಾಡಿ ಎದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕು. ಇಳಿಯುವವರು ಏರುವವರಿಗೆ ದಾರಿ ಬಿಡಬೇಕು ಎಂದು ಲೈಸೆನ್ಸಿನ ಪರೀಕ್ಷೆಯಲ್ಲಿ ಅವಳು ಸರಿಯಾಗಿಯೇ ಬರೆದಿದ್ದಳು. ದಾರಿಗಿಳಿದ ಮೇಲೆ ತಿಳಿದದ್ದು ಬೇರೆ: ಏರಲಿ, ಇಳಿಯಲಿ, ಹಿಂದಕ್ಕೆ ಹೋಗುವುದು ಚಿಕ್ಕ ಗಾಡಿ. ಎಡಗೈಯನ್ನು ಪಕ್ಕದ ಸೀಟಿನ ಬೆನ್ನಿಗೆ ಹಾಕಿ, ಕುತ್ತಿಗೆ ತಿರುಗಿಸಿ, ತಿರುವು ಮುರುವುಗಳಲ್ಲಿ ಹಿಂದಕ್ಕೆ ಹೋಗಿ ಹೋಗಿ ಆ ವಿದ್ಯೆ ಅವಳಿಗೆ ಕೈವಶವಾಗಿತ್ತು.

ಕಳೆದ ಕಾರ್ತಿಕದಲ್ಲಿ ಹಾಗೆಯೇ ಒಂದು ಕಪ್ಪು ಬಣ್ಣದ ಭಾರಿ ಗಾಡಿಗೆ ದಾರಿ ಬಿಡಲು ಹೋಗಿ ಎಡಗಡೆಯ ಚಕ್ರ ಮೋರಿಯ ಅಂಚಿನಿಂದ ಜಾರಿತು. ಪುಟ್ಟ ಕಾರು ಮಗ್ಗುಲಾಯಿತು. ತಿಮ್ಮಪ್ಪಯ್ಯನವರ ಎಡ ಭುಜದ ಮೂಳೆ ಮುರಿಯಿತು. ಕಪ್ಪು ಗಾಡಿಯವನು ಗಾಜು ಇಳಿಸಿ, "ಇಷ್ಟು ಸಣ್ಣ ಗಾಡಿ ಇಟ್ಕೊಂಡು ಈ ರೋಡಿಗೆ ಯಾಕೆ ಬರ್ತೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗಿಬಿಟ್ಟ.

ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಶೋರೂಮಿನ ಹುಡುಗ ಅಕ್ಷಿತ್ ಎತ್ತರದ ಬಾಗಿಲು ತೆರೆದು, "ಒಂದ್ಸಲ ಹತ್ತಿ ಕೂತು ನೋಡಿ ಮೇಡಂ. ಇದರಲ್ಲಿ ಹೋದ್ರೆ ಎದುರಿನವನೇ ಹಿಂದೆ ಹೋಗ್ತಾನೆ" ಎಂದಾಗ ಅವಳು ಇಂಜಿನ್ನಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮೈಸೂರಿನಲ್ಲಿ ಪಾಠ ಹೇಳುವ ಮಗಳು ಮಾಳವಿಕಾ ಫೋನಿನಲ್ಲಿ ನಕ್ಕಿದ್ದಳು. "ಅಮ್ಮಾ, ಇಬ್ಬರು ಮನುಷ್ಯರಿಗೆ ಏಳು ಸೀಟಾ? ಉಳಿದ ಐದರಲ್ಲಿ ಯಾರು ಕೂರ್ತಾರೆ?"

"ನನ್ನ ಹೆದರಿಕೆ ಕೂರ್ತದೆ" ಎಂದಿದ್ದಳು ಮನೋರಮಾ.

ಈಗ ಮೇ ತಿಂಗಳ ಕೊನೆ. ನೆಲ್ಯಹುದಿಕೇರಿಯಲ್ಲಿ ಒಂದು ಗೃಹಪ್ರವೇಶ. ಒಂಬತ್ತೂ ಮುಕ್ಕಾಲಕ್ಕೆ ಮುಹೂರ್ತ. ರಾತ್ರಿಯ ಗಾಳಿಮಳೆಗೆ ದೊಡ್ಡ ರಸ್ತೆಯ ಮೇಲೆ ಮರ ಬಿದ್ದಿದೆಯೆಂದು ಚೆಟ್ಟಳ್ಳಿಯಲ್ಲಿ ಯಾರೋ ಹೇಳಿದ್ದರಿಂದ ತೋಟಗಳ ನಡುವಿನ ಒಳದಾರಿ ಹಿಡಿದಿದ್ದರು. ಬಲಕ್ಕೆ ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆ, ಆಳೆತ್ತರದ ದರೆ. ಎಡಕ್ಕೆ, ಆನೆ ಬರದಿರಲೆಂದು ತೋಟದವರು ತೋಡಿಸಿದ ಕಂದಕ. ಇವೆರಡರ ನಡುವೆ ಒಂದೇ ಒಂದು ಗಾಡಿಯ ಅಗಲದ ಇಳಿಜಾರು. ಗಾಳಿಯಲ್ಲಿ ಹಲಸಿನ ಹಣ್ಣಿನ ವಾಸನೆ ಗಟ್ಟಿಯಾಗಿ ತುಂಬಿತ್ತು.

"ಇಲ್ಲಿ ಹಲಸು ಎಳೆಯದರಲ್ಲೇ ಕಡಿದು ಹಾಕಲಿಲ್ಲ ಅಂತ ಕಾಣ್ತದೆ" ಎಂದರು ತಿಮ್ಮಪ್ಪಯ್ಯ. ಹಣ್ಣಾದರೆ ಆನೆ ಹುಡುಕಿಕೊಂಡು ಬರುತ್ತದೆಂದು ತೋಟದವರು ಮಾಡುವ ಕೆಲಸ ಅದು. ಮನೋರಮಾಳ ಕಣ್ಣು ಗಡಿಯಾರದ ಮೇಲಿತ್ತು.

ಆಗ ಕೆಳಗಿನ ತಿರುವಿನಿಂದ ಒಂದು ಸಣ್ಣ ಬಿಳಿ ಕಾರು ಏರಿ ಬಂತು. ಬಾನೆಟ್ಟಿನ ಬಣ್ಣ ಸವೆದು ಹೋಗಿತ್ತು. ಸ್ಟಿಯರಿಂಗ್ ಹಿಡಿದವನು ಅರವತ್ತರ ಆಸುಪಾಸಿನ ರೈತ, ಪಕ್ಕದಲ್ಲಿ ಅವನ ಹೆಂಡತಿ. ಎರಡು ಗಾಡಿಗಳೂ ನಿಂತವು.

"ಅವರು ಏರಿ ಬರ್ತಾ ಇದ್ದಾರೆ. ನಾವೇ ಹಿಂದೆ ಹೋಗುವ" ಎಂದರು ತಿಮ್ಮಪ್ಪಯ್ಯ.

"ತಿರುವಿನಲ್ಲಿ ಜಾಗ ಉಂಟಲ್ಲ. ಅವರಿಗೆ ಐವತ್ತು ಹೆಜ್ಜೆ. ನಮಗೆ ಮೇಲೆ ಆ ತೋಟದ ಗೇಟಿನವರೆಗೆ ನೂರಕ್ಕೂ ಹೆಚ್ಚು. ಮುಹೂರ್ತ ಮೀರಿದ್ರೆ ಮಾತು ಕೇಳೋದು ನೀವು."

"ಹಾಗಲ್ಲ ಮಾರಾಯ್ತಿ..."

ಅವಳು ಒಮ್ಮೆ ಹಾರ್ನ್ ಒತ್ತಿದಳು. ಬಿಳಿ ಕಾರಿನವನು ಕಿಟಕಿಯಿಂದ ಕೈ ಹೊರಗೆ ಹಾಕಿ ಹಿಂದಕ್ಕೂ ಮುಂದಕ್ಕೂ ಬೀಸಿದ. ನೀನೇ ಹೋಗು ಎನ್ನುತ್ತಿದ್ದಾನೆ ಎಂದುಕೊಂಡಳು ಮನೋರಮಾ. ಎಂಟು ವರ್ಷ ಅವಳು ಯಾರಿಗೂ ಹಾಗೆ ಕೈ ಬೀಸಿದವಳಲ್ಲ. ಬೀಸಿದ್ದರೆ ಯಾರು ಕೇಳುತ್ತಿದ್ದರು? ಕಿವಿ ಬಿಸಿಯಾಯಿತು. ಈ ಸಲ ಹಾರ್ನ್ ಮೇಲೆ ಇಟ್ಟ ಅಂಗೈಯನ್ನು ಅವಳು ತೆಗೆಯಲೇ ಇಲ್ಲ. ಆ ಉದ್ದನೆಯ ಸದ್ದು ದರೆಗೆ ಬಡಿದು, ಕಂದಕ ದಾಟಿ, ಕಾಫಿ ಗಿಡಗಳ ಮೇಲೆ ಹರಡಿಕೊಂಡಿತು.

ಬಿಳಿ ಕಾರಿನೊಳಗೆ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಮೇಲೆ ಅವನು ಕುತ್ತಿಗೆ ತಿರುಗಿಸಿ, ಎಡಗೈಯನ್ನು ಹೆಂಡತಿಯ ಸೀಟಿನ ಬೆನ್ನಿಗೆ ಹಾಕಿದ. ಆ ಭಂಗಿಯನ್ನು ಮನೋರಮಾ ಚೆನ್ನಾಗಿ ಬಲ್ಲಳು. ಕಾರು ಮೆಲ್ಲಗೆ ಹಿಂದಕ್ಕೆ ಸರಿದು ತಿರುವಿನಲ್ಲಿ ಮರೆಯಾಯಿತು.

"ನೋಡಿದಿರಾ?" ಎಂದು ಅವಳು ಗೇರ್ ಹಾಕಿದಳು.

ಇಪ್ಪತ್ತು ಹೆಜ್ಜೆ ಇಳಿದಿರಬಹುದು. ಹೋದ ಬಿಳಿ ಕಾರು ಅದೇ ತಿರುವಿನಿಂದ ನುಗ್ಗಿ ಬಂತು. ಮನೋರಮಾ ಬ್ರೇಕಿನ ಮೇಲೆ ಎದ್ದು ನಿಂತಳೆಂದೇ ಹೇಳಬೇಕು. ಆ ಕಾರಿನ ಮೂಗು ಅವಳ ಬಂಪರಿಗೆ ಗೇಣಿನ ಅಂತರದಲ್ಲಿ ನಿಂತಿತು. ಗಂಡಸು ಎರಡೂ ಕೈ ಮುಗಿದಿದ್ದ. ಹೆಂಗಸಿನ ಬಾಯಿ ತೆರೆದಿತ್ತು, ಸದ್ದು ಮಾತ್ರ ಕೇಳಿಸಲಿಲ್ಲ.

"ಎಂತ ಸೊಕ್ಕು ಇವನಿಗೆ!" ಎನ್ನುತ್ತಾ ಅವಳು ಮತ್ತೆ ಹಾರ್ನಿಗೆ ಕೈ ಎತ್ತಿದಳು.

ಎತ್ತಿದ ಕೈ ಹಾಗೆಯೇ ನಿಂತಿತು. ಅವಳ ಸೀಟು ಎತ್ತರದ್ದು. ಬಿಳಿ ಕಾರಿನ ಚಾವಣಿಯ ಆಚೆಗೆ ಅವಳಿಗೆ ಕಾಣಿಸಿತು: ತಿರುವಿನ ಹಲಸಿನ ಮರದ ಪಕ್ಕದಲ್ಲಿ ದರೆಯ ಮಣ್ಣೇ ಎದ್ದು ನಡೆದು ಬರುವ ಹಾಗೆ ಕೆಂಪು ಕೆಸರು ಮೆತ್ತಿದ ಒಂದು ಬೆನ್ನು. ಆಮೇಲೆ ಅಗಲಿಸಿದ ಕಿವಿಗಳು. ಆಮೇಲೆ ದಂತ. ಒಂಟಿ ಸಲಗ.

"ಮನೋರಮಾ, ಹಾರ್ನ್ ಮುಟ್ಟಬೇಡ" ಎಂದರು ತಿಮ್ಮಪ್ಪಯ್ಯ. ಗರ್ಭಗುಡಿಯಲ್ಲಿ ಮಾತಾಡುವಷ್ಟೇ ಮೆಲ್ಲನೆಯ ದನಿ. "ಹಿಂದಕ್ಕೆ ತೆಗೆ."

ಅವಳು ರಿವರ್ಸ್ ಹಾಕಿದಳು. ಎದುರಿನ ಪರದೆ ಬೆಳಗಿತು. ಹಿಂದಿನ ಕ್ಯಾಮೆರಾದ ತುಂಬ ರಾತ್ರಿಯ ಕೆಸರು. ಪರದೆಯಲ್ಲಿ ಕಂದು ಬಣ್ಣದ ಹೊರತು ಬೇರೇನೂ ಇರಲಿಲ್ಲ. ದರೆ ಹತ್ತಿರವಾಯಿತೆಂದು ಗಾಡಿ ಬೀಪ್ ಬೀಪ್ ಎಂದು ಬಡಿದುಕೊಳ್ಳತೊಡಗಿತು. ತಿರುಗಿ ನೋಡಿದರೆ ಮೂರು ಸಾಲು ಸೀಟುಗಳು, ಅವುಗಳ ಬೆನ್ನುಗಳು, ಅದರಾಚೆ ಅಂಗೈಯಗಲದ ಒಂದು ಗಾಜು. ಅವಳು ನಾಲ್ಕು ತಿಂಗಳಲ್ಲಿ ಈ ಗಾಡಿಯನ್ನು ಅಂಗಳದ ಆಚೆ ಹಿಂದಕ್ಕೆ ಓಡಿಸಿಯೇ ಇರಲಿಲ್ಲ. ಎಲ್ಲಿಯವರೆಗೆ ತನ್ನ ಗಾಡಿ, ಎಲ್ಲಿಂದ ಆಚೆ ಕಂದಕ, ಒಂದೂ ಗೊತ್ತಾಗಲಿಲ್ಲ.

ಬಲಗಡೆ ಕರ್ ಎಂದು ಸದ್ದಾಯಿತು. ಕನ್ನಡಿ ದರೆಗೆ ಸಿಕ್ಕಿ ಕಿತ್ತು ವೈರಿನಲ್ಲಿ ಜೋತುಬಿತ್ತು. ಗಾಬರಿಯಲ್ಲಿ ಅವಳು ಸ್ಟಿಯರಿಂಗ್ ತಿರುಗಿಸಿದಳು.

"ನಿಲ್ಲು, ನಿಲ್ಲು! ಚಕ್ರ ಅಂಚಿಗೆ ಬಂತು!"

ತಿಮ್ಮಪ್ಪಯ್ಯ ಎಡಗಡೆಯ ಗಾಜು ಇಳಿಸಿ ತಲೆಯನ್ನು ಹೊರಗೆ ಹಾಕಿದ್ದರು. ಭುಜ ಮುರಿದ ಮೇಲೆ ಆ ಕಡೆಗೆ ತಿರುಗಿದರೆ ಅವರ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಈಗ ಸೊಂಟದವರೆಗೆ ಹೊರಗೆ ಬಾಗಿ, ಹಿಂದಿನ ಚಕ್ರದ ಮೇಲೆ ಕಣ್ಣಿಟ್ಟು, ಮನೆಯ ಯಜಮಾನನಿಗೆ ಮಂತ್ರ ಹೇಳಿಕೊಡುವ ಹಾಗೆ ಒಂದೊಂದೇ ಮಾತು ಹೇಳತೊಡಗಿದರು. "ಬಾ. ಬಾ. ನೇರ ಬಾ. ಸ್ವಲ್ಪ ದರೆ ಕಡೆ. ಸಾಕು. ಬಾ."

ಅವಳು ಬಂದಳು. ಅವಳು ಬಂದಷ್ಟೇ ದೂರ ಬಿಳಿ ಕಾರೂ ಬಂತು. ಅದಕ್ಕೆ ಬೇರೆ ದಾರಿ ಇರಲಿಲ್ಲ. ಅವಳ ಬಂಪರೇ ಅದರ ಬಾಗಿಲು, ಅವಳು ತೆರೆದಷ್ಟೇ ಅದು ತೆರೆಯುವುದು. ಹಿಂದೆ ಸಲಗ ಓಡುತ್ತಿರಲಿಲ್ಲ, ನಡೆಯುತ್ತಿತ್ತು. ಹಾಗೆ ನಡೆದೇ ಅದು ಅಂತರವನ್ನು ನುಂಗುತ್ತಿತ್ತು. ಸೊಂಡಿಲು ಒಮ್ಮೆ ಮೇಲೆದ್ದು ಇಳಿಯಿತು. ಬಿಳಿ ಕಾರಿನ ಹಿಂದಿನ ಗಾಜು ಒಡೆದ ಸದ್ದು ಕೇಳಿಸಿತು. ಕಾರು ಮುಗ್ಗರಿಸಿ ಅವಳ ಬಂಪರಿಗೆ ತಾಗಿತು. ಒಳಗಿದ್ದ ಹೆಂಗಸು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಕಣ್ಣು ಮಾತ್ರ ಮನೋರಮಾಳ ಮೇಲೆಯೇ ಇತ್ತು. ಆನೆಯ ಕಡೆ ಅವಳು ತಿರುಗಿ ನೋಡಲೇ ಇಲ್ಲ.

ಎಂದೋ ಮರೆತಿದ್ದ ಒಂದು ಸಂಜೆ ಮನೋರಮಾಳಿಗೆ ನೆನಪಾಯಿತು. ದೇವಸ್ಥಾನದ ಜಗಲಿಯಲ್ಲಿ ತಂದೆ ಯುದ್ಧದ ಪದ್ಯಗಳನ್ನು ರಾಗವಾಗಿ ಓದಿ ಅರ್ಥ ಹೇಳುತ್ತಿದ್ದರು. ರಥದವನಿಗೆ ರಥದವನೇ ಎದುರು, ಕಾಲಾಳಿಗೆ ಕಾಲಾಳೇ ಎದುರು, ಅದು ಧರ್ಮ ಎಂದರು. ಕಂಬಕ್ಕೊರಗಿ ಕೂತಿದ್ದ ಅವಳು, "ಅಪ್ಪಾ, ಕಾಲಾಳಿನ ಎದುರಿಗೆ ರಥವೇ ಬಂದುಬಿಟ್ಟರೆ?" ಎಂದು ಕೇಳಿದ್ದಳು. "ರಥ ಹಿಂದಕ್ಕೆ ಹೋಗಬೇಕು ಮಗಾ" ಎಂದು ಅವರು ಪುಟ ತಿರುವಿದ್ದರು.

ಅವಳು ಸೀಟ್‌ಬೆಲ್ಟ್ ಕಳಚಿದಳು. ಪರದೆಯನ್ನು ನೋಡುವುದು ಬಿಟ್ಟಳು. ಬೀಪ್ ಸದ್ದನ್ನು ಕೇಳುವುದೂ ಬಿಟ್ಟಳು. ಎಡಗೈಯನ್ನು ಗಂಡನ ಸೀಟಿನ ಬೆನ್ನಿಗೆ ಹಾಕಿ, ಕುತ್ತಿಗೆಯನ್ನು ಪೂರ್ತಿ ತಿರುಗಿಸಿ, ಆ ಅಂಗೈಯಗಲದ ಗಾಜಿನ ನಡುವೆ ದಾರಿಯನ್ನು ಹಿಡಿದಳು. ಕಿವಿಯಲ್ಲಿ ಇದ್ದದ್ದು ಗಂಡನ ದನಿಯೊಂದೇ. ಬಾ. ಬಾ. ದರೆ ಕಡೆ. ಬಾ. ಎಂಟು ವರ್ಷದ ವಿದ್ಯೆ ಕೈಗೆ ಇಳಿದು ಬಂತು. ದರೆಯ ಬೇರುಗಳು ಗಾಡಿಯ ಮಗ್ಗುಲನ್ನು ಉದ್ದಕ್ಕೂ ಗೀರುತ್ತಿದ್ದರೂ ಅವಳು ಕಾಲು ತೆಗೆಯಲಿಲ್ಲ.

ತೋಟದ ಗೇಟು ಬಂತು. ದರೆಯನ್ನು ಕಡಿದು ಮಾಡಿದ ಅಗಲವಾದ ಬಾಯಿ. ಅವಳು ಗಾಡಿಯ ಹಿಂಭಾಗವನ್ನು ಅದರೊಳಗೆ ತೂರಿಸಿದಳು. ಮುಚ್ಚಿದ ಗೇಟಿಗೆ ಧಡ್ ಎಂದು ಬಡಿದು ನಿಂತಿತು. ಮೂತಿ ಇನ್ನೂ ದಾರಿಯಲ್ಲಿಯೇ ಉಳಿದಿತ್ತು. ಆ ಮೂತಿಗೂ ಕಂದಕಕ್ಕೂ ನಡುವೆ ಉಳಿದದ್ದು ಒಂದು ಚಿಕ್ಕ ಕಾರಿಗೆ ಮಾತ್ರ ಸಾಲುವಷ್ಟು ಜಾಗ. ಬಿಳಿ ಕಾರು ಅದರಲ್ಲಿ ನುಸುಳಿ ಏರಿ ಹೋಯಿತು.

ಈಗ ದಾರಿಯಲ್ಲಿ ಉಳಿದದ್ದು ಅವರಿಬ್ಬರು ಮತ್ತು ಅದು.

ಮನೋರಮಾ ಇಂಜಿನ್ ಆರಿಸಿದಳು. ಸಲಗ ಬಂದು ಬಾನೆಟ್ಟಿನ ಎದುರು ನಿಂತಿತು. ಗಾಜಿನ ತುಂಬ ಅದೇ. ಸೊಂಡಿಲಿನ ತುದಿ ಗಾಜನ್ನು ಮೂಸಿತು, ಅದರ ಉಸಿರಿಗೆ ಗಾಜು ಮಂಜಾಯಿತು. ತಿಮ್ಮಪ್ಪಯ್ಯ ಕೈ ಮುಗಿದಿದ್ದರು. ಆನೆ ಹಣೆ ತಾಗಿಸಿ ಒಮ್ಮೆ, ಒಮ್ಮೆಯೇ ನೂಕಿತು. ಯಾರು ಬಂದರೂ ಅಲುಗದ ಆ ಗಾಡಿ ತೊಟ್ಟಿಲಿನ ಹಾಗೆ ತೂಗಿ ಗೇಟಿಗೆ ಒತ್ತಿಕೊಂಡಿತು. ಮನೋರಮಾ ಗಂಡನ ಪಂಚೆಯ ಅಂಚನ್ನು ಹಿಡಿದು ಕೂತಳು.

ಎಷ್ಟು ಹೊತ್ತೋ. ಆನೆಗೆ ಇವರಿಂದ ಆಗಬೇಕಾದ್ದು ಏನೂ ಇರಲಿಲ್ಲವೆಂದು ಕಾಣುತ್ತದೆ. ಅದು ತಿರುಗಿ, ಕಂದಕದ ಕುಸಿದ ಅಂಚಿನಲ್ಲಿ ಕೂತು ಜಾರಿ, ಆಚೆ ಬದಿಯನ್ನು ಹತ್ತಿ, ಕಾಫಿ ಗಿಡಗಳ ನಡುವೆ ಹೋಯಿತು. ಕೊಂಬೆ ಮುರಿಯುವ ಸದ್ದು ದೂರವಾಗುತ್ತ ಬಂದು ನಿಂತಿತು.

ಬಿಳಿ ಕಾರಿನವರು ಮೇಲಿನಿಂದ ನಡೆದು ಬಂದರು. ಗಂಡಸಿನ ಕೂದಲಲ್ಲಿ ಗಾಜಿನ ಚೂರುಗಳಿದ್ದವು. "ಅಮ್ಮಾವ್ರೇ, ನೀವು ದೇವ್ರು ಬಂದಂಗೆ ಬಂದ್ರಿ. ನಾನು ಪುಟ್ಟಸ್ವಾಮಿ ಅಂತ, ಕುಶಾಲನಗರದ ತಾವು ಶುಂಠಿ ಹಾಕ್ತೀನಿ. ಇವ್ಳು ನಮ್ಮನೆಯವ್ಳು, ರಂಗಮ್ಮ. ಅಯ್ನೋರೆ, ನಿಮ್ಗೆ ಏನೂ ಆಗ್ನಿಲ್ವಾ?"

"ನಾನು ಹಾರ್ನ್ ಹೊಡೆದೆ" ಎಂದಳು ಮನೋರಮಾ. "ಅದು ಬಂದದ್ದು ಆ ಸದ್ದಿಗೆ. ನೀವು ಅದರ ಬಾಯಿಗೆ ಹೋದದ್ದು ನನ್ನಿಂದ."

ಪುಟ್ಟಸ್ವಾಮಿ ಕೂದಲಿನ ಗಾಜಿನ ಚೂರು ಕೊಡವಿಕೊಂಡ. ಉತ್ತರ ಕೊಟ್ಟವಳು ರಂಗಮ್ಮ.

"ಗೊತ್ತು ಕಣವ್ವ. ಬರೋವಾಗ್ಲೇ ತಿರುವಲ್ಲಿ ಲದ್ದಿ ನೋಡಿದ್ವಿ, ಇನ್ನೂ ಹಬೆ ಆಡ್ತಿತ್ತು. ಅದ್ಕೇ ಇವ್ರು ಕೈ ಬೀಸಿದ್ದು, ಹಿಂದಕ್ ಹೋಗಕ್ಕಾಗಲ್ಲ ಅಂತ. ನೀವು ಹಾರ್ನ್ ಬಿಡ್ನೇ ಇಲ್ಲ. ದೊಡ್ಡ ಗಾಡಿಯೋರು ಇನ್ನೇನ್ ಕೇಳ್ತಾರೆ ಅಂತ ಹೋದ್ವಿ."

"ಏಯ್, ಸುಮ್ನಿರೇ" ಎಂದ ಪುಟ್ಟಸ್ವಾಮಿ.

"ಯಾಕ್ ಸುಮ್ನಿರ್ಲಿ? ಇರೋದ್ ಹೇಳ್ದೆ. ಆಮೇಲೆ ಹಿಂದಕ್ ತಗಂಡ್ರಲ್ಲ, ಅದ್ನೂ ಹೇಳ್ತೀನಿ." ಅವಳು ಮನೋರಮಾಳ ಮುಂಗೈ ಹಿಡಿದಳು.

ಪುಟ್ಟಸ್ವಾಮಿ ದೊಡ್ಡ ಕಾರಿನ ಸುತ್ತ ಒಂದು ಸುತ್ತು ಬಂದ. ಗೀರುಗಳನ್ನು ಸವರಿ ನೋಡಿದ. "ಏನೇ ಅನ್ನಿ, ಗಾಡಿ ಅಂದ್ರೆ ಇದು. ನೋಡಿದ್ಯೇನೇ, ಆನೆ ನೂಕಿದ್ರೂ ಹೆಂಗ್ ನಿಂತೈತೆ! ನಾವೂ ಇಂಥದ್ದೇ ಒಂದ್ ನೋಡ್ಬೇಕು ಕಣೇ. ಅಯ್ನೋರೆ, ಹೆಂಗೈತೆ ಗಾಡಿ?"

ತಿಮ್ಮಪ್ಪಯ್ಯ ಎಡ ಭುಜವನ್ನು ಬಲಗೈಯಲ್ಲಿ ಹಿಡಿದುಕೊಂಡು ಹೆಂಡತಿಯ ಕಡೆ ನೋಡಿದರು. "ಎಲ್ಲ ಚೆನ್ನಾಗಿದೆ. ಹಿಂದಕ್ಕೆ ಹೋಗೋದೊಂದು ಸ್ವಲ್ಪ ಕಷ್ಟ."

ರಂಗಮ್ಮ ಸೆರಗಿನೊಳಗೇ ನಕ್ಕಳು. ಮನೋರಮಾಳಿಗೆ ನಗು ಬರಲಿಲ್ಲ.

ಗೃಹಪ್ರವೇಶದ ಮನೆಯಿಂದ ಫೋನ್ ಬಂತು. ಬರುತ್ತಿದ್ದೇವೆ ಎಂದಷ್ಟೇ ಹೇಳಿ ತಿಮ್ಮಪ್ಪಯ್ಯ ಇಟ್ಟರು. ಬಿಳಿ ಕಾರು ಚೆಟ್ಟಳ್ಳಿಯ ಕಡೆ ಹೋಯಿತು, ಒಡೆದ ಗಾಜಿನ ಜಾಗಕ್ಕೆ ರಂಗಮ್ಮ ಗೋಣಿ ಸಿಕ್ಕಿಸಿದ್ದಳು. ದೊಡ್ಡ ಕಾರು ಮತ್ತೆ ಇಳಿಜಾರಿಗೆ ಇಳಿಯಿತು. ಕಿತ್ತ ಕನ್ನಡಿ ಬಾಗಿಲಿಗೆ ಟಕ್ ಟಕ್ ಎಂದು ಬಡಿಯುತ್ತಿತ್ತು.

ಹಲಸಿನ ಮರದ ತಿರುವಿಗೆ ಬರುವಾಗ ಮನೋರಮಾ ಗಾಡಿ ನಿಲ್ಲಿಸಿದಳು. ಗಾಜು ಇಳಿಸಿದಳು. ಕೈಯನ್ನು ಹಾರ್ನಿನಿಂದ ದೂರ, ಮಡಿಲಲ್ಲಿ ಇಟ್ಟುಕೊಂಡು ಕಿವಿಗೊಟ್ಟಳು. ಆಚೆ ಯಾವುದೋ ಸಣ್ಣ ಇಂಜಿನ್ ಏದುಸಿರು ಬಿಡುತ್ತ ಏರಿ ಬರುವ ಸದ್ದು.

"ಆಟೋ ಇರಬೇಕು" ಎಂದರು ತಿಮ್ಮಪ್ಪಯ್ಯ. ಗಡಿಯಾರದಲ್ಲಿ ಒಂಬತ್ತೂ ನಲವತ್ತು.

ಅವಳು ಎಡಗೈಯನ್ನು ಅವರ ಸೀಟಿನ ಬೆನ್ನಿಗೆ ಹಾಕಿದಳು. ಅವರು ಏನೂ ಕೇಳದೆ ಗಾಜು ಇಳಿಸಿ, ಹಲ್ಲು ಕಚ್ಚಿ, ತಲೆಯನ್ನು ಹೊರಗೆ ಹಾಕಿದರು.

"ಬಾ" ಎಂದರು.